ಹೆಳವನ ಗಂಟೆ

ಇಳಕಲ್ಲಿನ ಅಂದಪ್ಪ ಮಾಸ್ತರರು ನಲವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರಿನಲ್ಲಿ ಹಳೆಯ ಕಾಗದಪತ್ರಗಳ ಮೋಡಿ ಲಿಪಿಯನ್ನು ಓದಬಲ್ಲವರೆಂದು ಉಳಿದಿದ್ದವರು ಅವರೊಬ್ಬರೇ. ಹಳೆಯ ಖರೀದಿಪತ್ರವಿರಲಿ, ಇನಾಮಿನ ಸನದಿರಲಿ, ಕೋರ್ಟಿನವರು ಸಹ ಅವರ ಓದನ್ನೇ ಪ್ರಮಾಣವೆಂದು ಒಪ್ಪುತ್ತಿದ್ದರು. ಅಂಥವರ ಕೈ ಸಾವಿರದ ಒಂಬೈನೂರ ಎಪ್ಪತ್ತಾರರ ವೈಶಾಖದ ಒಂದು ಮುಂಜಾನೆ ತಮ್ಮದೇ ಮನೆತನದ ಹಾಳೆಯ ಮೇಲೆ ತಡೆದು ನಿಂತಿತು.

ಮಗನ ಮಗಳು ದಾನಮ್ಮನ ಮದುವೆಗೆ ಐದೇ ದಿನ ಉಳಿದಿತ್ತು. ತಂದೆತಾಯಿಯಿಲ್ಲದ ಹುಡುಗಿ, ಮಾಸ್ತರರ ತೊಡೆಯ ಮೇಲೆಯೇ ಬೆಳೆದವಳು. ವರ ಹುನಗುಂದದವನು, ಲಗ್ನಪತ್ರಿಕೆ ಹಂಚಿ ಆಗಿತ್ತು. ಆಗ ವರನ ಅಜ್ಜಿ ಸಿದ್ದಲಿಂಗವ್ವ ಒಂದು ಮಾತು ತೆಗೆದಳು. ಅವಳ ಗಂಡನ ಅಜ್ಜ ರುದ್ರಪ್ಪ ಹುನಗುಂದದಲ್ಲಿ ಹುಟ್ಟಿದವನಲ್ಲ, ಇಳಕಲ್ಲಿನ ಯಾವುದೋ ಮನೆಯಿಂದ ದತ್ತಕ ಬಂದವನು ಎಂದು ಅವಳ ಅತ್ತೆ ಸಾಯುವ ಮುಂಚೆ ಹೇಳಿದ್ದಳಂತೆ. ಆ ಮನೆ ಇದೇ ಆಗಿದ್ದರೆ ಹುಡುಗ ಹುಡುಗಿ ಒಂದೇ ಬೆಡಗಿನ ರಕ್ತದವರು, ಅಣ್ಣ ತಂಗಿಯರ ಲೆಕ್ಕ. ಹಾಗಾದರೆ ಮದುವೆ ನಿಂತಂತೆಯೇ.

ಇಂಥದನ್ನು ಬಗೆಹರಿಸಬೇಕಾದವನು ಹೆಳವ. ಮನೆತನಗಳ ವಂಶಾವಳಿಯನ್ನು ಎತ್ತಿನ ಮೇಲೆ ಹೇರಿಕೊಂಡು ಊರೂರು ತಿರುಗುವ ದುರ್ಗಪ್ಪನನ್ನು ಬನಶಂಕರಿಯಲ್ಲಿ ಹುಡುಕಿಸಿ ಕರೆತಂದರು. ಅವನ ಮುತ್ತಜ್ಜ ಯಾರೋ ಕುಲಕರ್ಣಿಯಿಂದ ಮೋಡಿಯಲ್ಲಿ ಬರೆಸಿಟ್ಟ ಹಾಳೆಗಳು ಅವನ ಗಂಟಿನಲ್ಲಿದ್ದವು. ದುರ್ಗಪ್ಪನಿಗೆ ಮಾತ್ರ ಮೋಡಿಯಿರಲಿ, ಕನ್ನಡದ ಒಂದಕ್ಷರವೂ ಬಾರದು.

ಪಡಸಾಲೆಯಲ್ಲಿ ಸಿದ್ದಲಿಂಗವ್ವ ಗೋಡೆಗೆ ಆತು ಕುಳಿತಿದ್ದಳು. ಒಳಬಾಗಿಲ ಮರೆಯಲ್ಲಿ ದಾನಮ್ಮ ನಿಂತಿದ್ದಳು. ದುರ್ಗಪ್ಪ ಹಾಳೆಗಳನ್ನು ಮಾಸ್ತರರ ಮುಂದಿಟ್ಟು ತನ್ನ ಹಿತ್ತಾಳೆಯ ಗಂಟೆಯನ್ನು ಕೈಗೆತ್ತಿಕೊಂಡ.

“ನೀವು ಒಂದೊಂದ ಹೆಸರು ಓದ್ರಿ, ನಾ ಒಂದೊಂದ ಸಲ ಬಾರಸ್ತೇನಿ. ನಮ್ಮ ಪದ್ಧತಿರಿ.”

“ಬಾರಸಾಕ ಏನ್ಲೇ, ನಿನ್ನ ಎತ್ತೂ ಬಾರಸ್ತೈತಿ. ಓದೂದು ಬ್ಯಾರೆ!” ಎಂದು ಮಾಸ್ತರರು ನಕ್ಕರು.

“ಬೀಗರ, ನಗೂದು ಆಮ್ಯಾಲೆ. ಚಷ್ಮಾ ಒರಿಸ್ಕೊಂಡು ಓದ್ರಿ,” ಎಂದಳು ಸಿದ್ದಲಿಂಗವ್ವ.

ಲೇಖಣಿಯೆತ್ತದೆ ಎಳೆದುಕೊಂಡು ಹೋದ ಬರಹವದು. ಒಂದು ಹೆಸರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಮೊದಲಾಯಿತು ಎಂಬುದು ಪಳಗಿದ ಕಣ್ಣಿಗಷ್ಟೇ ತಿಳಿಯುವಂಥದು. ಮಾಸ್ತರರು ಬೆರಳಿಟ್ಟು ಬಿಡಿಸುತ್ತ ಹೋದರು. ಮಲ್ಲಿಸೆಟ್ಟೆಪ್ಪ. ಗಂಟೆ ನುಡಿಯಿತು. ಚನ್ನವೀರಪ್ಪ. ನುಡಿಯಿತು. ಅವರ ಮುತ್ತಜ್ಜ ವಿರೂಪಾಕ್ಷಪ್ಪ, ಅಜ್ಜ ಬಸಲಿಂಗಪ್ಪ. ಎರಡು ಸಲವೂ ನುಡಿಯಿತು.

ಮುಂದಿನ ಸಾಲಿನಲ್ಲಿ ಬೆರಳು ತಡೆಯಿತು. ‘ವಿರೂಪಾಕ್ಷಪ್ಪನ ಕಿರಿಮಗ ರುದ್ರಪ್ಪ, ಹುನಗುಂದಕ್ಕೆ ದತ್ತಕ ಕೊಟ್ಟದ್ದು.’

ಮಾಸ್ತರರು ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡರು. ಈ ಸಾಲನ್ನು ಓದಬಲ್ಲ ಇನ್ನೊಂದು ಕಣ್ಣು ಈ ಪಡಸಾಲೆಯಲ್ಲೇಕೆ, ಈ ಊರಲ್ಲೇ ಇಲ್ಲ. ತಾವು ದಾಟಿಹೋದರೆ ರುದ್ರಪ್ಪನೂ ದಾಟಿಹೋದ. ಬೆರಳು ಕೆಳಗೆ ಸರಿಯಿತು.

“ಬಸಲಿಂಗಪ್ಪನ ಮಗ ಮಹಾಂತಪ್ಪ,” ಎಂದು ತಮ್ಮ ತಂದೆಯ ಹೆಸರನ್ನು ಓದಿದರು.

ಗಂಟೆ ನುಡಿಯಲಿಲ್ಲ.

“ಮಹಾಂತಪ್ಪ,” ಎಂದು ದನಿಯೇರಿಸಿದರು. ದುರ್ಗಪ್ಪನ ಕೈ ಅಲುಗಲಿಲ್ಲ.

“ಯಾಕಲೇ, ಕೈ ಸೋತಾವೇನು?”

“ಕೈ ಗಟ್ಟ್ಯದಾವ್ರಿ. ಮಹಾಂತಪ್ಪನವರ ಪಾಳಿ ಇನ್ನೂ ಬಂದಿಲ್ಲ. ನಡುವ ಒಬ್ಬಾವ ಉಳದಾನ್ರಿ.”

“ಅಕ್ಷರ ಬರದಾವ ನನಗ ಓದೂದು ಕಲಸ್ತೀಯೇನು?”

“ಅಕ್ಷರ ಬರೂದಿಲ್ರಿ ಮಾಸ್ತರ, ಹೆಸರು ಬರ್ತಾವ. ನಮ್ಮಪ್ಪ ಬಡದು ಬಡದು ಬಾಯಿಪಾಠ ಮಾಡಿಸ್ಯಾನ.”

ಸಿದ್ದಲಿಂಗವ್ವ ಗೋಡೆ ಬಿಟ್ಟು ಮುಂದೆ ಸರಿದಳು. “ಗೊತ್ತಿದ್ರ ಮದಲ ಯಾಕ ಹೇಳ್ಲಿಲ್ಲೋ ದುರ್ಗಪ್ಪ?”

“ಓದೂ ಹಿರಿಯಾರು ಮನ್ಯಾಗ ಇದ್ರ ನಾವು ಬಾಯಿ ತೆಗಿಬಾರದ್ರಿ ಯವ್ವಾ. ಅವರ ಮನಿ ಹೆಸರು ಅವರ ಬಾಯಾಗ ಬರಬೇಕು.”

ಇಷ್ಟು ಹೊತ್ತೂ ಗಂಟೆ ತಮ್ಮ ಓದಿನ ಬೆನ್ನು ಹತ್ತಿದೆಯೆಂದೇ ಮಾಸ್ತರರು ತಿಳಿದಿದ್ದರು. ಅಷ್ಟು ವರ್ಷ ಮಕ್ಕಳ ಪಾಠ ಒಪ್ಪಿಸಿಕೊಂಡವರು ಇಂದು ಆ ಹೆಳವನ ಮುಂದೆ ಪಾಠ ಒಪ್ಪಿಸುತ್ತ ಕುಳಿತಿದ್ದರು. ಹಾಳೆ ಹುಳ ತಿಂದಿದೆ, ಸಾಲು ಕಾಣದು ಎನ್ನಬಹುದಿತ್ತು. ಮಾತು ಗಂಟಲಿಗೂ ಬಂತು.

“ಅಜ್ಜಾ,” ಎಂದಳು ದಾನಮ್ಮ ಒಳಗಿನಿಂದ, “ಇದ್ದದ್ದ ಓದು. ಮುಚ್ಚಿಟ್ರ ನಾಳೆ ಆ ಮನ್ಯಾಗ ಬಾಳೇವು ಮಾಡಾಕಿ ನಾನು.”

ಮಾಸ್ತರರ ಬೆರಳು ಮತ್ತೆ ಮೇಲಿನ ಸಾಲಿಗೆ ಹತ್ತಿತು. “ವಿರೂಪಾಕ್ಷಪ್ಪನ ಕಿರಿಮಗ ರುದ್ರಪ್ಪ. ಹುನಗುಂದಕ್ಕೆ ದತ್ತಕ ಕೊಟ್ಟದ್ದು.”

ಗಂಟೆ ನುಡಿಯಿತು.

ಸಿದ್ದಲಿಂಗವ್ವ ಬಾಯಿ ತೆರೆದಳು. “ಹಿಂಗ ಆದ್ರ ಏನ್ ಮಾಡೂದಂತ ಮಠದ ಅಜ್ಜಾರನ್ನ ಕೇಳಿಕೊಂಡ ಬಂದೇನಿ. ಐದ ತಲಿಮಾರು ದಾಟೈತಿ. ಹುಡುಗಿನ್ನ ಬಾದಾಮ್ಯಾಗಿನ ಸ್ವಾದರಮಾವಗ ಮಗಳಾಗಿ ಕೊಟ್ಟು, ಆ ಮನಿಯಿಂದ ಧಾರಿ ಎರೀಬೇಕು. ಲಗ್ನ ನಿಲ್ಲಂಗಿಲ್ಲ.”

ಮಾಸ್ತರರು ಉಸಿರು ಬಿಟ್ಟು ತಲೆಯೆತ್ತಿದರು. ಅವಳ ಮಾತು ಮುಗಿದಿರಲಿಲ್ಲ.

“ನೀವೂ ಆ ಮಾವನ ಬಾಜೂಕ ಕುಂಡ್ರಬೇಕಂತ ಇತ್ತು ನನ್ನ ಮನಸಿನ್ಯಾಗ. ಈಗ ಬ್ಯಾಡ್ರಿ ಬೀಗರ. ನಮ್ಮ ಹಿರಿಯಾನ ಹೆಸರು ನುಂಗಿದವರ ಕೈಲೆ ನನ್ನ ಮೊಮ್ಮಗಗ ಅಕ್ಕಿಕಾಳು ಬೀಳೂದು ಬ್ಯಾಡ. ಧಾರಿ ಹೊತ್ತಿಗೆ ನೀವು ಹಂದರದಾಗ ಇರಬ್ಯಾಡ್ರಿ.”

ಮೂರು ತಾಲೂಕಿನಲ್ಲಿ ಅವರಿಗೆ ಹೀಗೆಂದವರಿರಲಿಲ್ಲ. ಉತ್ತರ ನಾಲಗೆಯ ತುದಿಯಲ್ಲಿತ್ತು. ಒಳಬಾಗಿಲ ಕಡೆಗೊಮ್ಮೆ ನೋಡಿದರು.

“ಆಗ್ಲಿ ಯವ್ವಾ,” ಎಂದರು.

ದುರ್ಗಪ್ಪ ಗಂಟು ಬಿಚ್ಚಿ ಬಾದಾಮಿಯ ಮನೆತನದ ಹಾಳೆಯನ್ನು ಹುಡುಕಿ ತೆಗೆದ. “ಹುಡುಗಿ ಹೆಸರು ಇದರಾಗ ಏರಬೇಕ್ರಿ. ಬರಿಯಾವ್ರು ನೀವ ಆಗಬೇಕಲ್ರಿ ಮಾಸ್ತರ.”

ಮಾಸ್ತರರು ಲೇಖಣಿಯನ್ನು ಶಾಯಿಯಲ್ಲಿ ಅದ್ದಿದರು. ಸೋದರಮಾವ ಕಲ್ಲಪ್ಪನ ಹೆಸರಿನ ಕೆಳಗೆ, ಎಂಥ ಮಗುವೂ ಓದಬಲ್ಲ ದುಂಡಗಿನ ಕನ್ನಡದಲ್ಲಿ, ‘ಮಗಳು ದಾನಮ್ಮ’ ಎಂದು ಬರೆದರು. ಶಾಯಿ ಆರುವ ತನಕ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ದುರ್ಗಪ್ಪ ಎರಡನೆಯ ಸಲ ಕೇಳಿದ ಮೇಲೆಯೇ ಅದನ್ನು ಕೊಟ್ಟರು.