ಸ್ಪಂದನಾಳ ಮೊಗ್ಗಿನ ಜಡೆ

ಹೆರಳಿನ ಬುಡದಲ್ಲಿ ಬೆವರಿನ ಒಂದು ಹನಿ, ಸೂಜಿ ತಾಗಿದರೆ ಒಡೆಯುತ್ತದೆ, ಸ್ಪಂದನಾ ತಲೆ ತಗ್ಗಿಸಿ ಕೂತಿದ್ದಾಳೆ, ಇವತ್ತಿನ ಮದುವಣಗಿತ್ತಿ, ನಮ್ಮ ಹೂವಿನಂಗಡಿಯ ಯಜಮಾನಿ ರಾಜಲಕ್ಷ್ಮಮ್ಮನ ಒಬ್ಬಳೇ ಮಗಳು — ಅಜ್ಜಿಯ ಕಥೆಯಲ್ಲಿ ದಾಸಿ ಹೂ ಮುಡಿಸುವ ನೆಪದಲ್ಲಿ ರಾಣಿಯ ನೆತ್ತಿಗೆ ಮುಳ್ಳು ಚುಚ್ಚುತ್ತಾಳೆ, ರಾಣಿ ಗಿಳಿಯಾಗಿ ಕಿಟಕಿಯಿಂದ ಹಾರಿಹೋಗುತ್ತಾಳೆ, ಆಗೆಲ್ಲ ನಾನು ದಾಸಿಯನ್ನು ಬೈಯುತ್ತಿದ್ದೆ, ಈಗ ಅವಳ ಬೆರಳು ನನಗೆ ಅರ್ಥವಾಗುತ್ತದೆ — ಅನುಷಕ್ಕಾ, ಬಿಗಿ ಆಯ್ತು, ಎನ್ನುತ್ತಾಳೆ ಸ್ಪಂದನಾ, ವಸಿ ತಡ್ಕೊ ಕಣಮ್ಮ, ಇನ್ನೊಂದು ಸಾಲು ಮೊಗ್ಗು ಐತೆ. ಲಗ್ನದ ಕಾಲ ಬಂತೆಂದರೆ ಮಧುಗಿರಿಯಲ್ಲಿ ಎಲ್ಲರಿಗೂ ನಾನು ಹೆಣೆದ ಜಡೆಯೇ ಬೇಕು, ಆಷಾಢದಲ್ಲಿ ಅಂಗಡಿ ಖಾಲಿ, ಆಗಲೇ ಯಜಮಾನಿಗೆ ದಿಗಿಲು, ಊರಿಗೆ ಹೋದ ನಾನು ಶ್ರಾವಣಕ್ಕೆ ವಾಪಸ್ ಬರುತ್ತೇನೋ ಇಲ್ಲವೋ ಎಂದು, ಹೋದ ವರ್ಷ ಆಷಾಢ ಅಂತಲೂ ನೋಡದೆ ತಿರುಮಣಿಯಿಂದ ನನಗೆ ಸಂಬಂಧ ಬಂದಿತ್ತು, ಹುಡುಗ ಭೀಮರಾಜು, ಸೋಲಾರ್ ಪಾರ್ಕಿನಲ್ಲಿ ಕೆಲಸ, ಗಾಜಿನ ಕೆರೆಯಂತೆ ಹೊಳೆಯುವ ಆ ಬಯಲಿನ ಅಂಚಿನಲ್ಲಿ ಒಂದು ಮನೆ, ಅದರ ಬಾಗಿಲಿಗೆ ಕನಸಿನಲ್ಲೇ ರಂಗೋಲಿ ಹಾಕಿಬಿಟ್ಟಿದ್ದೆ — ಅವರು ಮತ್ತೆ ಬರಲೇ ಇಲ್ಲ. ಮೊನ್ನೆ ಹೊಳವನಹಳ್ಳಿ ಬಸ್ ಸ್ಟಾಪಿನಲ್ಲಿ, ಹೆಣ್ಣು ನೋಡಲು ಬಂದಿದ್ದ ಅವನ ಸೋದರತ್ತೆ ಸಿಕ್ಕಳು, ಬಿಸಿಲಿಗೆ ನಾನು ಸುಮ್ಮನೆ ಕಣ್ಣು ಮುಚ್ಚಿದೆ, ಅಷ್ಟಕ್ಕೇ ಅಯ್ಯೋ ಬಂದ್ಬುಡ್ತು ಕಣ್ರೋ ಎಂದು ಕೂಗಿ ತನ್ನ ಬೀಗದ ಕೈಯನ್ನು ನನ್ನ ಅಂಗೈಗೆ ತುರುಕಿದಳು, ಮೂರ್ಛೆ ಬಂದವರಿಗೆ ಕಬ್ಬಿಣ ಹಿಡಿಸುತ್ತಾರಲ್ಲ, ಹಾಗೆ, ಯಾಕ್ರಮ್ಮ ಇದು ಎಂದೆ, ಮುಚ್ಚಿಟ್ರೆ ಆಯ್ತದೇನಮ್ಮ, ನಿಮ್ ಯಜಮಾನಿನೇ ಹೇಳುದ್ಲು, ಹುಡ್ಗಿ ಚಿನ್ನ, ಆದ್ರೆ ಮೂರ್ಛೆ ರೋಗ ಐತೆ ಅಂತ. ಆ ಕಬ್ಬಿಣ ಇನ್ನೂ ಅಂಗೈಯಲ್ಲೇ ಇದೆ, ಉಣ್ಣುವಾಗ, ಮೊಗ್ಗು ಪೋಣಿಸುವಾಗ, ಇಲ್ಲದ ರೋಗದ ಒಂದೇ ಮಾತು, ನಾನು ಅವಳ ಅಂಗಡಿಯಲ್ಲೇ ಉಳಿದೆ. ಇಗೋ ಬಂದಳು ಯಜಮಾನಿ, ಗಂಡಿನ ತಾಯಿಯ ಕೈ ಹಿಡಿದುಕೊಂಡು, ನೋಡ್ರಮ್ಮ, ಇವ್ಳೂ ನನ್ ಮಗ್ಳಿದ್ದಂಗೆ, ಎಲ್ಲೂ ಹೋಗಾಕಿಲ್ಲ, ಅಂಗ್ಡಿ ಬೀಗದ ಕೈನೇ ಇವ್ಳಿಗೆ ಕೊಟ್ಬುಟ್ಟಿವ್ನಿ, ಇಬ್ಬರೂ ನಗುತ್ತಾರೆ, ನನ್ನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ತೂಗುತ್ತದೆ, ಸ್ಪಂದನಾ ಏನು ತಪ್ಪು ಮಾಡಿದ್ದಾಳೆ, ಏನೂ ಇಲ್ಲ, ಗಿಳಿಯಾದ ರಾಣಿಯೂ ಏನೂ ಮಾಡಿರಲಿಲ್ಲ, ನಾನು ತಾನೇ ಏನು ಮಾಡಿದ್ದೆ — ಗೊಂಚಲು ಬಿಚ್ಚುತ್ತೇನೆ, ಗಂಡಿನ ತಾಯಿ ನೋಡುತ್ತಿರುವಾಗಲೇ ಮದುಮಗಳ ಅಂಗೈ ಬಿಡಿಸಿ ಒಳಗಿಡುತ್ತೇನೆ, ಒಂದೊಂದೇ ಬೆರಳು ಮಡಚುತ್ತೇನೆ, ಏನಕ್ಕಾ ಇದು, ಎನ್ನುತ್ತಾಳೆ, ಗಟ್ಟಿಯಾಗ್ ಹಿಡ್ಕೊ ಕಣಮ್ಮ, ಜನ ಜಾಸ್ತಿ ಅವ್ರೆ, ಹೋದ್ಸಲದಂಗೆ ಬಂದ್ಬುಡ್ಬಾರ್ದು — ರಾಜಲಕ್ಷ್ಮಮ್ಮನ ನಗು ಅರ್ಧಕ್ಕೇ ನಿಂತಿದೆ, ಗಂಡಿನ ತಾಯಿ ನೋಡುತ್ತಿದ್ದಾಳೆ, ಮದರಂಗಿಯ ಬೆರಳುಗಳು, ಸಂದಿಯಲ್ಲಿ ಕಬ್ಬಿಣ, ಆ ಮುಷ್ಟಿ, ಆ ಮುಷ್ಟಿ