ಟ್ಯಾಂಕಿನ ಮೇಲಿನ ಕುಂಕುಮ

ಅಳಿಯ ಬೈಕನ್ನೂ ಮಗಳನ್ನೂ ಒಟ್ಟಿಗೇ ತಂದು ಶ್ರೀರಂಗಯ್ಯನ ಮನೆ ಮುಂದೆ ಬಿಟ್ಟ. ಕೀಯನ್ನು ಜಗಲಿಯ ಮೇಲಿಟ್ಟು, ಒಳಗೆ ಬಂದು ಒಂದು ಲೋಟ ನೀರೂ ಕುಡಿಯದೆ, ದಬ್ಬೇಘಟ್ಟದ ಬಸ್ಸು ಹಿಡಿಯಲು ಹೊರಟ. ಹೋಗುವಾಗ ಅಂದದ್ದು ಒಂದೇ ಮಾತು: "ಎಲ್ಡನ್ನೂ ಸರಿ ಮಾಡಿ ಕಳ್ಸಿ ಮಾವ."

ಬೈಕಿನಲ್ಲಿ ಏನು ಸರಿಯಾಗಬೇಕೆಂಬುದು ಕಣ್ಣಿಗೆ ಕಾಣುತ್ತಿತ್ತು. ಕರೀ ಟ್ಯಾಂಕಿನ ನೆತ್ತಿಯ ಮೇಲೆ ಅಂಗೈಯಗಲ ಬಣ್ಣ ಬೊಬ್ಬೆ ಎದ್ದು, ಸುಲಿದು, ಒಳಗಿನ ಬೂದಿ ಬಣ್ಣ ಹೊರಬಿದ್ದಿತ್ತು. ಮಗಳು ಪುಷ್ಪಲತಾಳಲ್ಲಿ ಏನು ಸರಿಯಾಗಬೇಕು ಎಂಬುದನ್ನು ಅವನು ಹೇಳಲಿಲ್ಲ. ಶ್ರೀರಂಗಯ್ಯನೂ ಕೇಳಲಿಲ್ಲ.

ಮದುವೆಯಲ್ಲಿ ಕೊಟ್ಟ ಬೈಕು ಅದು. ಉಡುಗೊರೆ ಎಂದೇ ಎಲ್ಲರೂ ಅಂದರು. ಕೇಳಿ ವಸೂಲು ಮಾಡಿಕೊಂಡದ್ದಕ್ಕೂ ನಮ್ಮ ಸೀಮೆಯಲ್ಲಿ ಅದೇ ಹೆಸರು. ತುರುವೇಕೆರೆಯ ಶೋರೂಮಿನಲ್ಲಿ ಹಾರ ಹಾಕಿ, ರಟ್ಟಿನ ದೊಡ್ಡ ಕೀ ಕೈಗೆ ಕೊಟ್ಟು, ಪೂಜೆ ಮಾಡಿಸಿ, ಟ್ಯಾಂಕಿಗೆ ಕುಂಕುಮ ಬಳಿಸಿ ಫೋಟೋ ಹಿಡಿದಿದ್ದರು. ಗಾಡಿ ದಬ್ಬೇಘಟ್ಟ ಮುಟ್ಟಿದ ಕೂಡಲೇ ಬೀಗಿತ್ತಿ ಭೈರಮ್ಮನ ಅಪ್ಪಣೆಯಾಯಿತು. "ಮೊದ್ಲ ಪೂಜೆ ಕುಂಕುಮ ಕಣ್ರಪ್ಪಾ, ಯಾರೂ ಒರೆಸ್‌ಬ್ಯಾಡಿ. ಆಯುಧಪೂಜೆ ಗಂಟ ಹಂಗೇ ಇರ್ಲಿ. ಅದ್ನ ಒರೆಸೋದೂ ಒಂದೇಯ, ಮನೆ ಹೆಣ್ಣಿನ ಹಣೆ ಒರೆಸೋದೂ ಒಂದೇಯ."

ಪುಷ್ಪಲತಾ ದಿನಾ ಬೆಳಿಗ್ಗೆ ಗಂಡನ ಗಾಡಿ ಒರೆಸುವಳು. ಆ ಜಾಗ ಬಂದರೆ ಬಟ್ಟೆಯನ್ನು ಸುತ್ತು ಹಾಕಿಸಿ ತೆಗೆಯುವಳು. ತೆಂಗಿನ ತೋಟದ ನೆರಳು ಬೇಕಾದಷ್ಟಿದ್ದರೂ ಊರಿಗೆಲ್ಲ ಕಾಣಲಿ ಎಂದು ಗಾಡಿಯನ್ನು ನಿಲ್ಲಿಸುತ್ತಿದ್ದದ್ದು ಬೀದಿಯ ಬಿಸಿಲಿನಲ್ಲಿ. ಕುಂಕುಮ ಒಣಗಿ ಚಕ್ಕೆಯಾಯಿತು. ಚಕ್ಕೆಯ ಜೊತೆ ಬಣ್ಣವೂ ಎದ್ದಿತು. ಆಗ ಅದೇ ಭೈರಮ್ಮ ಇಡೀ ಬೀದಿಗೆ ಕೇಳುವಂತೆ ಅಂದಳು: "ಹಳೇ ಗಾಡಿಗೆ ಬಣ್ಣ ಬಳ್ದು ಹೊಸದು ಅಂತ ಸಾಗಾಕವ್ರೆ. ಇನ್ನು ಹೆಣ್ಣು ಎಂಗೋ ಏನೋ!"

ಕೊಬ್ಬರಿ ಮಂಡಿಯಲ್ಲಿ ಕರಟ ಒಡೆದು ಉಂಡೆ ಕೊಬ್ಬರಿ ಬಿಡಿಸುವ ಶ್ರೀರಂಗಯ್ಯನಿಗೆ ಇದರಲ್ಲಿ ತಿಳಿದದ್ದು ಇಷ್ಟು: ಟ್ಯಾಂಕು ಹೊಸದಾದರೆ ಮಗಳಿಗೆ ಗಂಡನ ಮನೆ ಬಾಗಿಲು ತೆರೆಯುತ್ತದೆ. ಆಗದಿದ್ದರೆ ಇಲ್ಲ.

ಅಪ್ಪ ಮಗಳು ಶೋರೂಮಿಗೆ ಅಲೆದೂ ಅಲೆದೂ, ಅಳಿಯ ಆಡಿದ ಮಾತನ್ನು ಅಲ್ಲಿ ಕಂಡಕಂಡವರಿಗೆ ಹೇಳಿಕೊಂಡ ಮೇಲೆ, ಕೊನೆಗೊಂದು ದಿನ ಮ್ಯಾನೇಜರ್ ಸೂರ್ಯಪ್ರಕಾಶ್ ಅವರನ್ನು ಗಾಜಿನ ಕೋಣೆಯೊಳಗೆ ಕರೆದ. ಕೂರಲು ಹೇಳಿದ. ಆ ಮರ್ಯಾದೆ ಕಂಡೇ ಶ್ರೀರಂಗಯ್ಯನಿಗೆ ಕೆಲಸ ಕೆಟ್ಟಿತೆಂದು ಗೊತ್ತಾಯಿತು.

"ಕಂಪನಿಯವ್ರು ಫೋಟೋ ನೋಡಿದಾರೆ ಯಜಮಾನ್ರೇ. ಹೊರಗಿನ ಕೆಮಿಕಲ್ ತಾಗಿ ಬಣ್ಣ ಹೋಗಿದೆಯಂತೆ. ಅದಕ್ಕೆ ವಾರಂಟಿ ಬರಲ್ಲ."

"ಹೊರಗಿಂದು ಎಲ್ಲಿಂದ ಬಂತು ಸಾ? ಬಳ್ದಿದ್ದು ನಿಮ್ಮ ಶೋರೂಮಿನ ಒಳಗೇ ಅಲ್ವಾ?"

"ಅದು ಪೂಜೆಗೆ. ಮನೆಗೆ ಹೋಗಿ ತೊಳ್ಕೋಬೇಕು. ಪುಸ್ತಕದಲ್ಲಿ ಬರೆದಿದೆ."

"ಪುಸ್ತಕ ಇಂಗ್ಲೀಷ್ನಾಗೈತೆ."

"ಓದೋರ ಹತ್ರ ಓದಿಸ್ಕೋಬೇಕಪ್ಪ."

"ಕುಂಕುಮ ಒರೆಸು ಅಂತ ಇಂಗ್ಲೀಷ್ನೋರು ಬರ್ದವ್ರಾ?"

ಸೂರ್ಯಪ್ರಕಾಶ್ ನಕ್ಕ. "ಹಾಗಾದ್ರೆ ನೀವು ಒರೆಸೇ ಇಲ್ಲ."

"ಎಂಗ್ ಒರೆಸೋದು ಸಾ? ಮೊದ್ಲ ಪೂಜೇದು!"

"ನೋಡಿ, ನಿಮ್ಮ ಬಾಯಲ್ಲೇ ಬಂತು." ಅವನು ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿದ. ಬಡವ ದೇವರಿಗೆ ಹೆದರಿದ್ದೂ ಕಂಪನಿಯ ಲೆಕ್ಕದಲ್ಲಿ ತಪ್ಪಾಗಿ ದಾಖಲಾಯಿತು.

ಅಷ್ಟು ಹೊತ್ತೂ ತಲೆ ತಗ್ಗಿಸಿದ್ದ ಪುಷ್ಪಲತಾ ಎದ್ದು ಗಾಜಿನಾಚೆಯ ಗೋಡೆಗೆ ಬೆರಳು ತೋರಿಸಿದಳು. ಹೊಸ ಗಾಡಿ ಕೊಂಡವರ ಫೋಟೋಗಳ ಸಾಲಿನಲ್ಲಿ ಅವರದ್ದೂ ಇತ್ತು. ಅಪ್ಪ ಹಲ್ಲು ಬಿಟ್ಟುಕೊಂಡು ರಟ್ಟಿನ ಕೀ ಹಿಡಿದಿದ್ದ. ಶೋರೂಮಿನ ಸೀರೆಯುಟ್ಟ ಹೆಂಗಸೊಬ್ಬಳು ಟ್ಯಾಂಕಿಗೆ ಕುಂಕುಮ ಬಳಿಯುತ್ತಿದ್ದಳು.

"ನಮ್ ಮನೇಲಿ ನಾವೂ ಪೂಜೆ ಮಾಡಿದ್ವಿ ಸಾರ್. ಮಡ್‌ಗಾರ್ಡಿಗೆ, ಹೆಡ್‌ಲೈಟಿಗೆ ನಮ್ದೇ ಕುಂಕುಮ ಇಟ್ಟಿದ್ವಿ. ಅಲ್ಲಿ ಏನೂ ಆಗಿಲ್ಲ. ನೀವು ಬಳಿದಲ್ಲಿ ಮಾತ್ರ ಸುಲಿದಿದೆ. ಅದರಲ್ಲಿ ಏನು ಕಲಸಿದ್ರಿ?"

ಸೂರ್ಯಪ್ರಕಾಶನ ನಗು ನಿಂತಿತು. ಬಾಗಿಲು ತೆಗೆದು ಕೂಗಿದ. "ಗಂಗಮ್ಮಾ, ಬಾ ಇಲ್ಲಿ."

ನೆಲ ಒರೆಸುತ್ತಿದ್ದ ಪುಟ್ಟಗಂಗಮ್ಮ ಕೈಯನ್ನು ಸೆರಗಿಗೆ ಒತ್ತಿಕೊಂಡು ಬಂದಳು. ಫೋಟೋದಲ್ಲಿದ್ದ ಹೆಂಗಸು ಇವಳೇ. ಗುಡಿಸುವುದು, ಗಾಡಿ ತೊಳೆಯುವುದು ಇವಳ ಕೆಲಸ. ಗಿರಾಕಿ ಬಂದ ಹೊತ್ತಿಗೆ ಸೀರೆ ಬದಲಿಸಿ ಆರತಿ ಎತ್ತುವುದೂ ಇವಳದೇ.

"ಕುಂಕುಮಕ್ಕೆ ಏನ್ ಕಲಸ್ತಿದ್ದೆ?"

"ಓಕುಳಿ ನೀರು ಸಾ. ಆರತಿಗೆ ಅರಿಶಿನ ಸುಣ್ಣ ಕದಡಿರ್ತಿದ್ನಲ್ಲ, ಅದ್ನೇಯ. ಬರೀ ನೀರಾದ್ರೆ ಜಾರೋಯ್ತಿತ್ತು. ನೀವೇ ಅಲ್ವಾ, ಫೋಟೋದಾಗೆ ಎದ್ದು ಕಾಣ್‌ಬೇಕು, ಗಟ್ಟಿಯಾಗಿ ಬಳಿ ಅಂದಿದ್ದು?"

"ಸುಣ್ಣ ಬಣ್ಣಾನ ತಿನ್ನುತ್ತೆ. ನಾನು ಸುಣ್ಣ ಹಾಕು ಅಂದ್ನಾ?"

ಸೂರ್ಯಪ್ರಕಾಶ್ ಒಂದು ಹಾಳೆ ತೆಗೆದು ಸರಸರ ಬರೆದು ಶ್ರೀರಂಗಯ್ಯನ ಮುಂದೆ ತಳ್ಳಿದ.

"ಇವಳ ಅಜಾಗರೂಕತೆಯಿಂದ ಆಯ್ತು ಅಂತ ನೀವು ಕಂಪ್ಲೇಂಟ್ ಕೊಡಿ. ಹೊಸ ಟ್ಯಾಂಕ್ ನಾನು ಹಾಕಿಸ್ತೀನಿ. ಇವಳನ್ನ ಇವತ್ತೇ ಮನೆಗೆ ಕಳಿಸ್ತೀನಿ. ಯಾರ ಮೇಲಾದ್ರೂ ಹಾಕ್ಬೇಕಲ್ಲ ಯಜಮಾನ್ರೇ, ನಾನೂ ಮೇಲಿನವ್ರಿಗೆ ಉತ್ತರ ಹೇಳ್ಬೇಕು."

ಕಂಪನಿ ಯಾವ ಊರಿನಲ್ಲಿದೆ, ಅದಕ್ಕೊಂದು ಮುಖ ಇದೆಯೋ ಇಲ್ಲವೋ, ತುರುವೇಕೆರೆಯಲ್ಲಿ ಯಾರೂ ಕಂಡವರಿಲ್ಲ. ಮುಖವಿದ್ದದ್ದು ಪುಟ್ಟಗಂಗಮ್ಮನಿಗೆ. ತಪ್ಪು ಮೇಲಿನಿಂದ ಉರುಳುತ್ತಾ ಬಂದು ಅವಳ ಬಕೆಟ್ಟಿನ ಪಕ್ಕದಲ್ಲಿ ನಿಂತಿತು.

ಶ್ರೀರಂಗಯ್ಯ ಪೆನ್ನು ತೆಗೆದುಕೊಂಡ.

"ಹಾಕಿ, ಹಾಕಿ," ಎಂದಳು ಪುಟ್ಟಗಂಗಮ್ಮ. "ನಿಮ್ಮಂಗೇ ದುಡ್ಯೋ ಕೈ ಕಣಪ್ಪ ಇದೂ. ಸುಲಭವಾಗಿ ಸಿಕ್ತೈತೆ." ಆಮೇಲೆ ಪುಷ್ಪಲತಾಳ ಕಡೆ ತಿರುಗಿ, "ಯಾಕವ್ವಾ, ಟ್ಯಾಂಕಿಲ್ದೆ ಮನೆಗೆ ಸೇರಿಸ್ಕಳಲ್ವಾ?" ಎಂದು ಕೇಳಿದಳು.

ಪುಷ್ಪಲತಾ ಇಲ್ಲವೆಂದು ತಲೆಯಾಡಿಸಿದಳು.

"ಹೊಸದಾದ್ರೆ ಸುಮ್ಕಾಯ್ತಾರಾ?"

"ಸೀಟು ಗಟ್ಟಿ ಅಂತಿದ್ರು," ಎಂದಳು ಪುಷ್ಪಲತಾ. ಅಷ್ಟು ಹೇಳಿ ಹಾಳೆಯ ಮೇಲೆ ಕೈಯಿಟ್ಟಳು. "ಅಪ್ಪ, ಬ್ಯಾಡ ಬುಡು. ಟ್ಯಾಂಕಾದ್ಮೇಲೆ ಸೀಟು. ಸೀಟಾದ್ಮೇಲೆ ನಾನು. ಅವ್ರಿಗೆ ಸಾಕಾಗಲ್ಲ."

"ಬುಟ್ಟು? ಬುಟ್ಟು ಏನ್ ಮಾಡ್ಲಿ? ಕೂತ್ಕೋ ಅಂತೀಯಾ ಮನೇಲಿ? ಊರೋರ ಬಾಯಿಗೆ ನೀನು ಬೀಗ ಹಾಕ್ತೀಯಾ?" ಶ್ರೀರಂಗಯ್ಯನ ದನಿ ಗಾಜಿನಾಚೆಗೂ ಕೇಳಿತು. ಮಗಳ ಕೈಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು ಸಹಿ ಹಾಕಿದ. ಪುಟ್ಟಗಂಗಮ್ಮನ ಮುಖ ನೋಡಲಿಲ್ಲ. ಅವಳು ಬಕೆಟ್ಟಿನ ನೀರನ್ನು ಅಲ್ಲೇ, ಒರೆಸಿ ಹೊಳೆಯಿಸಿದ್ದ ನೆಲದ ಮೇಲೆ, ಉದ್ದಕ್ಕೂ ಚೆಲ್ಲಿ ಹೊರಟಳು.

ಟ್ಯಾಂಕು ಬಂತು. ಹಾಕಿದ ದಿನ ಸೂರ್ಯಪ್ರಕಾಶ್ ಕುಂಕುಮದ ಮಾತನ್ನೇ ಎತ್ತಲಿಲ್ಲ. ಸುದ್ದಿ ಮುಟ್ಟಿದ ಮರುದಿನವೇ ಅಳಿಯ ಬಂದ. ಪುಷ್ಪಲತಾ ಬ್ಯಾಗು ತುಂಬಿ ಜಗಲಿಯ ಮೇಲೆ ಕೂತಿದ್ದಳು. ಅಪ್ಪ ಹೇಳಿದ್ದರಿಂದ ತುಂಬಿದ್ದು. ಅಳಿಯ ಗಾಡಿಯನ್ನು ಬಿಸಿಲಿಗೆ ತಳ್ಳಿ, ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದ. ಟ್ಯಾಂಕು ಹೊಸದು, ಮಿಕ್ಕ ಮೈ ಬಿಸಿಲು ಕಂಡದ್ದು.

"ಮಾವ, ಇದ್ರ ಕಪ್ಪೇ ಬ್ಯಾರೆ, ಅದ್ರ ಕಪ್ಪೇ ಬ್ಯಾರೆ."

"ಗಾಡಿ ಓಡ್ತಾ ಓಡ್ತಾ ಒಂದಾಯ್ತದೆ ಕಣಪ್ಪ."

"ನೋಡನ. ಅಮ್ಮಂಗೆ ತೋರಿಸ್ತೀನಿ. ಅವಳು ಒಪ್ಪಿದ್ರೆ ಫೋನ್ ಮಾಡ್ತೀನಿ, ಆಗ ಕಳ್ಸಿ." ಬ್ಯಾಗಿನ ಕಡೆಗಾಗಲಿ ಅದರ ಪಕ್ಕದಲ್ಲಿ ಕೂತವಳ ಕಡೆಗಾಗಲಿ ಅವನ ಕಣ್ಣು ಹೊರಳಲಿಲ್ಲ. ಒಂದೇ ಒದೆತಕ್ಕೆ ಗಾಡಿ ಸ್ಟಾರ್ಟ್ ಆಯಿತು.

ಫೋನು ಬರಲಿಲ್ಲ. ಶ್ರೀರಂಗಯ್ಯ ಮಾಡಿದರೆ ಎತ್ತಲಿಲ್ಲ.

ಮಂಡಿಯಲ್ಲಿ ಕೊಬ್ಬರಿ ಒಡೆಯುವ ಕಾಲ ಬಂದಾಗ ಕೂಲಿಗೆ ಹೊಸಬರನ್ನು ಕರೆದರು. ಒಂದು ಬೆಳಿಗ್ಗೆ ಶ್ರೀರಂಗಯ್ಯ ತಲೆ ಎತ್ತಿದರೆ ಎದುರಿಗೆ ಗೋಣಿಚೀಲ ಹಾಸಿಕೊಂಡು ಪುಟ್ಟಗಂಗಮ್ಮ ಕೂತಿದ್ದಳು. ಕೈಗೆ ಇನ್ನೂ ಕೆಲಸ ಹಿಡಿಯದೆ ಅವಳ ಏಟಿಗೆ ಕರಟದ ಜೊತೆ ಕೊಬ್ಬರಿಯೂ ಸೀಳುತ್ತಿತ್ತು. ಸೀಳಿದ್ದಕ್ಕೆ ಮಂಡಿಯವನು ಕೂಗಾಡುತ್ತಿದ್ದ. ಶ್ರೀರಂಗಯ್ಯ ಸರಿದು ಸ್ವಲ್ಪ ಜಾಗ ಬಿಟ್ಟ. ಅವಳು ಆ ಜಾಗಕ್ಕೆ ಬರಲಿಲ್ಲ.

ಬಹಳ ಹೊತ್ತಿನ ಮೇಲೆ, ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತಾ ಕೇಳಿದಳು. "ಮಗಳು ಹೋದ್ಲಾ?"

"ಗಾಡಿ ಹೋಯ್ತು," ಎಂದ ಶ್ರೀರಂಗಯ್ಯ.

ಪುಟ್ಟಗಂಗಮ್ಮ ಮಚ್ಚು ಎತ್ತಿ ಹೊಡೆದಳು. ಆ ಕಾಯಿಯೂ ಸೀಳಿತು.