ಬಾನೆಟ್ಟಿನೊಳಗಿನ ಮಂಜುಗಡ್ಡೆ

ಟಪ್. ಸ್ವಲ್ಪ ಬಿಟ್ಟು ಮತ್ತೆ, ಟಪ್.

ಮನೆಯವರೆಲ್ಲ ಮಲಗಿದ್ದರು. ಅಡುಗೆಮನೆಯ ನಲ್ಲಿಯನ್ನು ನಾನೇ ಎರಡು ಸಲ ಬಿಗಿಮಾಡಿ ಬಂದಿದ್ದೆ. ಸಿಲಿಂಡರಿನ ರೆಗ್ಯುಲೇಟರ್ ಆರಿಸಿದ್ದೂ ನೆನಪಿತ್ತು, ಆದರೂ ಎದ್ದು ಹೋಗಿ ಮುಟ್ಟಿ ನೋಡಿದೆ. ಇದಕ್ಕೆ ನನ್ನ ಗಂಡ ರಾಜಶೇಖರ್ 'ಉಷಾರಾಣಿಯ ರಾತ್ರಿ ಪಾಳಿ' ಎಂದು ಹೆಸರಿಟ್ಟಿದ್ದಾರೆ. ಶಬ್ದ ಮನೆಯೊಳಗಿನದಾಗಿರಲಿಲ್ಲ. ತೆಂಗಿನಕಾಯಿ ಸುಲಿಯುವ ಅಂಗಳದಿಂದ, ನಮ್ಮ ಕಾರು ನಿಂತಿದ್ದ ಕಡೆಯಿಂದ ಬರುತ್ತಿತ್ತು.

ಅದು ಪೆಟ್ರೋಲಿನಲ್ಲೂ ಗ್ಯಾಸಿನಲ್ಲೂ ಓಡುವ ಹಳೆಯ ಕಾರು. ನನಗೆ ಅಷ್ಟು ಸಾಕಾಯಿತು.

"ರೀ, ಏಳ್ರೀ. ಕಾರಿಂದ ಏನೋ ತೊಟ್ಟಿಕ್ತಿದೆ."

"ಗ್ಯಾಸು ತೊಟ್ಟಿಕ್ಕಲ್ಲ ಕಣೇ, ಹಾರ್ಹೋಗುತ್ತೆ. ಮಲ್ಕೋ."

"ಅದು ಹಾರ್ಹೋದ್ರೆ ಜೊತೇಲಿ ನಾವೂ ಹಾರ್ಹೋಗ್ತೀವಿ. ಏಳ್ರೀ ಅಂದ್ರೆ."

ಅಂಗಳದ ದೀಪ ಹಾಕಲು ನಾನು ಬಿಡಲಿಲ್ಲ. ಬಾಗಿಲಲ್ಲೇ ಟಾರ್ಚ್ ಹಚ್ಚಿಕೊಂಡು, ಮೂಗರಳಿಸುತ್ತ ಹೋದೆವು. ಗ್ಯಾಸಿನ ವಾಸನೆ ಇರಲಿಲ್ಲ. ಕಾರಿನ ಕೆಳಗೆ ಒಂದು ಕರಟ ಬಿದ್ದಿತ್ತು, ಅದರ ಬೆನ್ನ ಮೇಲೆ ಹನಿ ಬೀಳುತ್ತಿತ್ತು. ಬೆರಳಿಗೆ ಹಚ್ಚಿಕೊಂಡರೆ ಬರೀ ನೀರು. ಆದರೆ ಎಂಥ ತಣ್ಣನೆಯ ನೀರು! ರಾಜಶೇಖರ್ ಬಾನೆಟ್ ಎತ್ತಿದರು. ಎಂಜಿನ್ನಿನ ಪಕ್ಕದಲ್ಲಿ, ಕೈಯಗಲದ ಒಂದು ಲೋಹದ ಡಬ್ಬಿಯ ಮೇಲೆ ಬೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಅದೇ ಕರಗಿ ಇಳಿಯುತ್ತಿತ್ತು.

"ಮಾರ್ಚ್ ತಿಂಗಳಲ್ಲಿ, ಅರಸೀಕೆರೇಲಿ ಮಂಜುಗಡ್ಡೆ," ಎಂದರು ರಾಜಶೇಖರ್. ಅವರ ನಿದ್ದೆ ಪೂರ್ತಿ ಹಾರಿಹೋಗಿತ್ತು. "ಟಿಕೆಟ್ ಇಟ್ಟು ತೋರಿಸ್ಬೋದು ಕಣೇ."

ಆಮೇಲೆ ಡಬ್ಬಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿ, "ರೋಗ ಸಿಕ್ತು ಉಷಾ!" ಎಂದು ನನ್ನ ಬೆನ್ನಿಗೊಂದು ಹೊಡೆದರು. ಅಂಗಳದ ನಾಯಿ ಎದ್ದು ಬೊಗಳಿತು.

ಆ ಕಾರಿನ ರೋಗ ಹುಡುಕುವುದರಲ್ಲಿ ನಮಗೆ ಒಂದೆರಡು ತಿಂಗಳೇ ಕಳೆದಿತ್ತು. ಪೆಟ್ರೋಲಿನಲ್ಲಿ ಸುಮ್ಮನೆ ಓಡುವುದು. ಗ್ಯಾಸಿಗೆ ಹಾಕಿದರೆ ಜಾವಗಲ್ ಮುಟ್ಟುವಷ್ಟರಲ್ಲಿ ಕೆಮ್ಮಿ ನಿಲ್ಲುವುದು. ಅರ್ಧ ಗಂಟೆ ಸುಧಾರಿಸಿಕೊಂಡರೆ ಮತ್ತೆ ಏನೂ ಆಗದ ಹಾಗೆ ಹೊರಡುವುದು. ರಾಜಶೇಖರ್ ಪ್ಲಗ್ ಬದಲಿಸಿದರು, ಫಿಲ್ಟರ್ ಬದಲಿಸಿದರು, ಬೇರೆ ಬಂಕಿನ ಗ್ಯಾಸು ತುಂಬಿಸಿದರು. ಆ ರಾತ್ರಿ ಮಲಗುವ ಮುಂಚೆಯೂ ಮತ್ತೆ ಮತ್ತೆ ಗ್ಯಾಸಿನಲ್ಲಿ ಚಾಲು ಮಾಡಿ ನೋಡಿ, ಸಾಕಾಗಿ, ಕೈ ಒರೆಸಿಕೊಂಡು ಒಳಗೆ ಬಂದಿದ್ದರು.

ನನ್ನ ಮಾವ ಷಡಕ್ಷರಪ್ಪನವರ ತಾಳ್ಮೆ ಮುಗಿದಿತ್ತು. ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಕೆಟ್ಟ ಕಾಯಿಯನ್ನು ರಾಶಿಯಲ್ಲಿ ಇಟ್ಟುಕೊಳ್ಳಬಾರದು ಎನ್ನುವುದು ಅವರ ಮಾತು. ಬಾಣಾವರದ ಇಂದ್ರೇಶ್ ಎಂಬುವವರಿಗೆ ಕಾರು ಕೊಡುವುದೆಂದು ಮಾತಾಡಿಯೂ ಇದ್ದರು. ಅವರು ಹಿಂದಿನ ಸೀಟು ಕಿತ್ತು ಟೊಮೆಟೊ ತುಂಬುತ್ತಾರಂತೆ.

ಟೊಮೆಟೊ ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನಾನು ಕಾರು ಕಲಿತದ್ದು ನಲವತ್ತರ ಹತ್ತಿರ, ಇದರಲ್ಲೇ. ಎದುರಿಂದ ಬಸ್ಸು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು ಈಗ ಗೆಂಡೆಹಳ್ಳಿಯ ತವರಿಗೆ ಒಬ್ಬಳೇ ಹೋಗಿ ಬರುತ್ತೇನೆ. ಇದರ ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಮೂಗು ಎಲ್ಲಿಗೆ ಮುಗಿಯುತ್ತದೆ ಎಂದು ನನ್ನ ಮೈಗೆ ಗೊತ್ತು. ಬೇರೆ ಯಾವ ಗಾಡಿಯನ್ನೂ ನಾನು ಮುಟ್ಟಲಾರೆ. ಹೊಸದು ಬಂದರೆ ಅದು ಗಂಡಸರದ್ದಾಗುತ್ತದೆ. ನಾನು ಮತ್ತೆ "ರೀ, ಸ್ವಲ್ಪ ಬಿಟ್ಟು ಬರ್ತೀರಾ?" ಎನ್ನುತ್ತ ಬಾಗಿಲಲ್ಲಿ ನಿಲ್ಲಬೇಕು. ಇದನ್ನೆಲ್ಲ ನಾನು ಮಾವನಿಗೆ ಹೇಳಲಿಲ್ಲ. "ಇನ್ನೊಂದು ಅವಕಾಶ ಕೊಡಿ ಮಾವ" ಎಂದಷ್ಟೇ ಕೇಳಿದ್ದೆ.

ಅವರು ಯೋಚಿಸಿ ಒಂದು ಷರತ್ತು ಹಾಕಿದ್ದರು. ಅಮಾವಾಸ್ಯೆಯ ದಿನ ಬೇಲೂರಿಗೆ, ಅವರ ಅಕ್ಕ ರುದ್ರಮ್ಮನವರ ಮನೆಗೆ ಹೋಗಬೇಕಿತ್ತು. "ಬರೀ ಗ್ಯಾಸಲ್ಲಿ ಹೋಗಿ ಬರ್ಲಿ. ದಾರೀಲಿ ಒಂದು ಸಲ ನಿಂತ್ರೂ ಮಾರನೇ ದಿನ ಗಾಡಿ ಬಾಣಾವರಕ್ಕೆ."

ಅಮಾವಾಸ್ಯೆಗೆ ಇನ್ನು ಮೂರೇ ದಿನ ಇತ್ತು.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಕೆಲಸ ಶುರುಮಾಡಿದೆವು. ಮೊದಲು ಡಿಕ್ಕಿಯಲ್ಲಿರುವ ಗ್ಯಾಸ್ ಟ್ಯಾಂಕಿನ ವಾಲ್ವನ್ನು ನಾನೇ ತಿರುಗಿಸಿ ಮುಚ್ಚಿದೆ. ಮುಚ್ಚಿದೆಯೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿದೆ. ರಾಜಶೇಖರ್ ಮುಂದೆ ಕುಕ್ಕರಗಾಲಿನಲ್ಲಿ ಕೂತು ವಿವರಿಸಿದರು. ಗ್ಯಾಸು ಟ್ಯಾಂಕಿನಲ್ಲಿ ನೀರಿನಂತೆ ಇರುತ್ತದೆ. ಎಂಜಿನ್ನಿಗೆ ಹೋಗುವ ಮೊದಲು ಈ ಡಬ್ಬಿಯಲ್ಲಿ ಆವಿಯಾಗುತ್ತದೆ. ಆವಿಯಾಗುವಾಗ ಮಂಜಿನಷ್ಟು ತಣ್ಣಗಾಗುವುದು ಅದರ ಗುಣ. ಹೆಪ್ಪುಗಟ್ಟದಿರಲೆಂದು ಎಂಜಿನ್ನಿನ ಬಿಸಿನೀರು ಎರಡು ಪೈಪುಗಳಲ್ಲಿ ಡಬ್ಬಿಗೆ ಬಂದು ಹೋಗುತ್ತಿರಬೇಕು.

"ಬಿಸಿನೀರು ಬರ್ತಿಲ್ಲ. ಅದಕ್ಕೇ ಇದು ಗಡಗಡ ನಡುಗಿ ನಿಂತ್ಹೋಗ್ತಿದೆ," ಎಂದರು.

"ಮಾರ್ಗಶಿರದಲ್ಲಿ ನೀವು ಸ್ನಾನಕ್ಕೆ ನಿಂತ ಹಾಗೆ," ಎಂದೆ.

ಪೈಪು ಕಿತ್ತೆವು. ಅದರಿಂದ ಎಂಜಿನ್ನನ್ನು ತಂಪಾಗಿಡುವ ಹಸಿರು ಕೂಲೆಂಟ್ ನೀರು ಸುರಿಯಬೇಕಿತ್ತು. ಒಂದೆರಡು ಹನಿ ಕಂದು ಬಣ್ಣದ ನೀರು ಬಂದು ನಿಂತಿತು. ರಾಜಶೇಖರ್ ಕಡ್ಡಿ ಹಾಕಿ ಎಳೆದರೆ ಉದ್ದಕ್ಕೆ ಲೋಳೆ, ಗಂಜಿಯ ಕೆನೆಯಂಥದ್ದು. ಮೂಗಿನ ಹತ್ತಿರ ಹಿಡಿದೆ. ಏನೋ ಹುಳಿ ವಾಸನೆ. ಆದರೆ ನಮ್ಮ ಅಂಗಳದಲ್ಲಿ ಸಿಪ್ಪೆ, ಕರಟ, ಒಡೆದ ಕಾಯಿ ಸದಾ ಬಿದ್ದಿರುವುದರಿಂದ ನಮ್ಮ ಬಟ್ಟೆಬರೆಗೂ ಅದೇ ವಾಸನೆ. ಅದು ಪೈಪಿನದೋ ನನ್ನ ಸೆರಗಿನದೋ ತಿಳಿಯಲಿಲ್ಲ.

"ಇದರೊಳಗೆ ಇದು ಹೇಗೆ ಬಂತು ರೀ?"

"ಕೂಲೆಂಟು ಕಲಬೆರಕೆ ಇರ್ಬೇಕು, ಬಿಡು."

ನನಗೆ ಒಪ್ಪಿಗೆಯಾಗಲಿಲ್ಲ. ಕಾರಣ ತಿಳಿಯದೆ ವಾಸಿಯಾದ ಕಾಯಿಲೆಯನ್ನು ನಾನು ನಂಬುವುದಿಲ್ಲ. ಮುಂದಿನ ಸಲ ಅದು ಎಲ್ಲಿಂದ ಬರುತ್ತದೆ ಎಂದು ಕಾಯುತ್ತ ಕೂರುವ ಸ್ವಭಾವ ನನ್ನದು.

ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಮಾವ ಬಗ್ಗಿ ನೋಡಿದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ವಯಸ್ಸಾಗೈತೆ ಕಣಪ್ಪ ಅದಕ್ಕೆ. ನಂಗೂ ಎದೇಲಿ ಕಫ ಕಟ್ಟಲ್ವಾ, ಹಂಗೇ ಅದಕ್ಕೂ ಕಟ್ಟೈತೆ."

ಒಳಗಿನಿಂದ ಅತ್ತೆ ವಿಶಾಲಮ್ಮನವರ ದನಿ ಬಂತು: "ಹೋದ ವರ್ಷ ನಿಮಗೆ ಕಫ ಕಟ್ಟಿದಾಗ ನಿಮ್ಮನ್ನೇನು ಬಾಣಾವರಕ್ಕೆ ಮಾರಿದ್ವಾ?"

ರಾಜಶೇಖರ್ ನಗು ತಡೆಯಲಾರದೆ ಬಾನೆಟ್ಟಿನೊಳಗೆ ತಲೆ ಹುದುಗಿಸಿದರು. ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಪೇಪರು ಸ್ವಲ್ಪ ಹೊತ್ತು ಅಲುಗುತ್ತಿತ್ತು.

ಗಿಡಕ್ಕೆ ನೀರು ಬಿಡುವ ಪೈಪನ್ನು ತಂದು ಡಬ್ಬಿಗೆ ಹಿಡಿದೆವು. ನೀರು ಒಳಹೋಗದೆ ನಮ್ಮ ಮುಖಕ್ಕೇ ಚಿಮ್ಮಿತು. ರಾಜಶೇಖರ್ ಪೈಪಿನ ತುದಿಗೆ ಬಟ್ಟೆ ಸುತ್ತಿ, ಒತ್ತಿ ಹಿಡಿದು, "ಈಗ ತಿರುಗ್ಸು ನಲ್ಲೀನ, ಪೂರ್ತಿ!" ಎಂದು ಕೂಗಿದರು. ತಿರುಗಿಸಿದೆ. ಡಬ್ಬಿ ಗೊರಗೊರ ಎಂದಿತು. ಆಮೇಲೆ ಪೊಳ್ ಎಂದು ಲೋಳೆಯ ಒಂದು ದೊಡ್ಡ ಮುದ್ದೆ ಇನ್ನೊಂದು ತುದಿಯಿಂದ ಹಾರಿ ಅವರ ಬನಿಯನ್ನಿನ ನಡುಮಧ್ಯಕ್ಕೆ ಬಡಿಯಿತು. ಅದರ ಹಿಂದೆಯೇ ನೀರು, ಮೊದಲು ಕಂದು, ಆಮೇಲೆ ತಿಳಿ, ಆಮೇಲೆ ಕನ್ನಡಿಯಂತೆ.

ನಾನು ನಲ್ಲಿ ಹಿಡಿದುಕೊಂಡೇ ಕೂತು ನಕ್ಕೆ. ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕು ಬಹಳ ದಿನವಾಗಿತ್ತು. ಏನಾಯಿತೆಂದು ಅತ್ತೆ ಸೌಟು ಹಿಡಿದು ಓಡಿಬಂದವರು ಮಗನ ಎದೆ ನೋಡಿ, "ಅಯ್ಯೋ ಶಿವನೇ, ಗಾಡಿ ಇವನ ಮೇಲೆ ವಾಂತಿ ಮಾಡ್ಕಂಡೈತೆ!" ಎಂದು ಬಾಗಿಲಿಗೊರಗಿದರು.

ರೇಡಿಯೇಟರಿನಿಂದ ಹಿಡಿದು ಅದಕ್ಕೆ ಕೂಲೆಂಟ್ ಒದಗಿಸುವ ಪಕ್ಕದ ಪ್ಲಾಸ್ಟಿಕ್ ಬಾಟಲಿಯವರೆಗೆ ಎಲ್ಲವನ್ನೂ ತೊಳೆದು, ಹೊಸ ಕೂಲೆಂಟ್ ತುಂಬಿಸಿ, ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಹೋಗುವವರೆಗೆ ಎಂಜಿನ್ನನ್ನು ಪೆಟ್ರೋಲಿನಲ್ಲಿ ಓಡಿಸಿದೆವು. ಗ್ಯಾಸಿಗೆ ಹಾಕುವ ಮೊದಲು ನಾನು ಅಡ್ಡ ನಿಂತೆ. ಟ್ಯಾಂಕಿನ ವಾಲ್ವ್ ತೆರೆದು, ಸೋಪಿನ ನೊರೆ ಮಾಡಿ ತಂದು, ಶೇವಿಂಗ್ ಬ್ರಷ್ಷಿನಿಂದ ಗ್ಯಾಸಿನ ಒಂದೊಂದು ಜೋಡಣೆಗೂ ಬಳಿದೆ. ಸೋರುತ್ತಿದ್ದರೆ ಗುಳ್ಳೆ ಏಳಬೇಕು. ಏಳಲಿಲ್ಲ. ಇನ್ನೊಂದು ಸುತ್ತು ಬಳಿದೆ.

"ಗಾಡಿಗೆ ಗಡ್ಡ ಬೋಳಿಸಿದ್ದು ಆಯ್ತಾ? ಇನ್ನು ಒತ್ತಲಾ?" ಎಂದರು ರಾಜಶೇಖರ್.

"ಒತ್ತಿ."

ಎಂಜಿನ್ನಿನ ದನಿ ಒಂದು ಕ್ಷಣ ತಗ್ಗಿ ಮತ್ತೆ ಸಮವಾಯಿತು. ಕಾಯಿಲೆಯ ಮಗುವಿನ ಹಣೆ ಮುಟ್ಟುವ ಹಾಗೆ ಡಬ್ಬಿಯ ಮೇಲೆ ಅಂಗೈ ಇಟ್ಟೆ. ಜ್ವರ ಬರಲಿ ಎಂದು ಹಾರೈಸಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಕೈ ತೆಗೆಯಬೇಕಾಯಿತು.

"ಬಿಸಿ ರೀ! ಸುಡ್ತಿದೆ!"

ಅಮಾವಾಸ್ಯೆಯ ದಿನ ನಾನೇ ಓಡಿಸಬೇಕೆಂದು ರಾಜಶೇಖರ್ ಹಟ ಹಿಡಿದರು. "ನಾನು ಕೂತ್ರೆ ಕದ್ದು ಪೆಟ್ರೋಲಿಗೆ ಹಾಕ್ದ ಅಂತಾರೆ ಅಪ್ಪಾಜಿ." ಮಾವ ಪೂಜೆಯ ಚೀಲವನ್ನು ಕಾಲಬಳಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವ ಕೆಲಸವನ್ನು ದೀಪಾವಳಿಯಿಂದ ಅವರೇ ವಹಿಸಿಕೊಂಡಿದ್ದರು. ನಾವು ಏಳುವ ಮೊದಲೇ ಅಂಗಳದಲ್ಲಿ ಒಬ್ಬರೇ ಮಾಡಿ ಮುಗಿಸುತ್ತಿದ್ದರು. ಅಂದು ಬೇಗ ಹೊರಡಬೇಕಾದ್ದರಿಂದ ದಾರಿಯಲ್ಲಿ ಮಾಡುತ್ತೇನೆ ಎಂದಿದ್ದರು.

ಎಂಜಿನ್ ಬಿಸಿಯಾಗಲೆಂದು ಊರು ದಾಟುವವರೆಗೆ ಪೆಟ್ರೋಲಿನಲ್ಲಿ ಓಡಿಸಿ ನಾನು ಗ್ಯಾಸಿಗೆ ಹಾಕಿದ ಮೇಲೆ, ಮತ್ತೆ ಪೆಟ್ರೋಲಿಗೆ ಬದಲಿಸದ ಹಾಗೆ ಅವರು ಆ ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿ ಕೂತರು.

"ಅದೇನ್ರೀ ಅದು, ಮಗು ಕಣ್ಣು ಮುಚ್ಚಿದಂಗೆ?" ಎಂದರು ಹಿಂದಿನಿಂದ ಅತ್ತೆ.

"ವ್ಯಾಪಾರ ಅಂದ್ರೆ ವ್ಯಾಪಾರ ಕಣೇ. ಸುಮ್ಕಿರು."

ಜಾವಗಲ್ ಹತ್ತಿರವಾದಂತೆ ನಾನು ಸೀಟಿಗೆ ಒರಗುವುದು ಬಿಟ್ಟು ಸ್ಟೀರಿಂಗಿನ ಕಡೆ ಬಾಗಿದೆ. ಯಾವ ಸೇತುವೆಯ ಬಳಿ ಅದು ಕೆಮ್ಮುತ್ತಿತ್ತೋ ಅಲ್ಲಿ ನಾನೇ ಉಸಿರು ಹಿಡಿದೆ. ಕಾರು ಹಿಡಿಯಲಿಲ್ಲ. ಜಾವಗಲ್ ಹಿಂದಾಯಿತು. ಹಳೇಬೀಡಿನ ಕೆರೆ ಎಡಕ್ಕೆ ಬಂದು ಹೋಯಿತು. ಬೇಲೂರಿನ ಪೇಟೆಯಲ್ಲಿ ಒಂದು ಎತ್ತಿನಗಾಡಿಗೂ ಪ್ರವಾಸಿಗಳ ಬಸ್ಸಿಗೂ ನಡುವೆ ನುಸುಳಿದೆ, ಕಣ್ಣು ತೆರೆದುಕೊಂಡೇ. ರುದ್ರಮ್ಮನವರು ಒಬ್ಬಟ್ಟು ಬಡಿಸುತ್ತ, "ಸೊಸೆನೇ ಓಡ್ಸ್ಕಂಡು ಬಂದ್ಲಾ? ನಿನ್ನ ಕಾರು ಚೆನ್ನಾಗೈತೆ ಬಿಡವ್ವ," ಎಂದರು. 'ನಿನ್ನ ಕಾರು' ಎಂಬ ಮಾತಿಗೆ ನಾನು ಮಾವನ ಮುಖ ನೋಡಿದೆ. ಅವರು ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ವಾಪಸು ಬರುವಾಗ ಹಳೇಬೀಡಿನಲ್ಲಿ ಕೆರೆಯ ಪಕ್ಕ ನಿಲ್ಲಿಸಲು ಹೇಳಿದರು. "ನಾನೇ ನಿಲ್ಸು ಅಂದಿದ್ದು, ಅದಾಗೇ ನಿಂತಿದ್ದಲ್ಲ. ಲೆಕ್ಕಕ್ಕಿಲ್ಲ," ಎಂದು ಅವರೇ ನ್ಯಾಯ ಹೇಳಿದರು. ಅತ್ತೆಗೆ ಕಬ್ಬಿನ ಹಾಲು ಬೇಕಾಗಿತ್ತು. ತಾಯಿ ಮಗ ಇಬ್ಬರೂ ಅಂಗಡಿಯ ಕಡೆ ಹೋದರು. ಮಾವ ಬಾನೆಟ್ ತೆಗೆಸಿ, ಎಂಜಿನ್ನಿಗೆ ವಿಭೂತಿ ಎಳೆದು, ಹೂವಿಟ್ಟು, ಊದಿನಕಡ್ಡಿ ಬೆಳಗಿದರು. ಕಲ್ಲಿಗೆ ಕಾಯಿ ತಟ್ಟಿ, ನೀರನ್ನೆಲ್ಲ ಒಂದು ಹನಿಯೂ ಚೆಲ್ಲದ ಹಾಗೆ ಹಿತ್ತಾಳೆ ಲೋಟಕ್ಕೆ ಹಿಡಿದರು.

ಆಮೇಲೆ ಲೋಟವನ್ನು ಎಡಗೈಗೆ ಬದಲಿಸಿ, ಬಲಗೈಯಿಂದ, ಬಹಳ ಅಭ್ಯಾಸವಿದ್ದವರ ಹಾಗೆ, ಕೂಲೆಂಟ್ ಬಾಟಲಿಯ ಮುಚ್ಚಳ ತೆಗೆದರು.

"ಮಾವ! ಏನ್ಮಾಡ್ತಿದ್ದೀರಿ?"

"ತೀರ್ಥ ಕೊಡ್ತಿದೀನಿ." ನನ್ನ ಗಾಬರಿ ಅವರಿಗೆ ಅರ್ಥವಾಗಲಿಲ್ಲ. "ಕಾಯಿನೀರು ನೆಲಕ್ಕೆ ಚೆಲ್ಬಾರ್ದಮ್ಮ. ನಮಗೆ ಅನ್ನ ಕೊಟ್ಟಿದ್ದು ಅದು. ಗಾಡಿಗೆ ಪೂಜೆ ಮಾಡಿ ಗಾಡಿಗೇ ತೀರ್ಥ ಕೊಡ್ದಿದ್ರೆ ಹೆಂಗೆ? ಪ್ರತಿ ಅಮಾವಾಸ್ಯೆನೂ ಕೊಡ್ತೀನಿ. ಈ ಬಾಟ್ಲೀಲಿ ನೀರು ಕುಡೀತದಲ್ಲ ಇದು."

ದೀಪಾವಳಿಯಿಂದ ಇಲ್ಲಿಯವರೆಗೆ, ತಿಂಗಳಿಗೊಂದು ಲೋಟ. ಆ ಲೋಳೆ, ಆ ಹುಳಿ ವಾಸನೆ, ಜಾವಗಲ್ಲಿನ ಕೆಮ್ಮು ಎಲ್ಲ ಒಟ್ಟಿಗೆ ನನ್ನ ಮುಂದೆ ಬಂದು ನಿಂತವು. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಅಲ್ಲೇ ಹಿಡಿದೆ. ಹೇಳಿದರೆ ರಾಜಶೇಖರ್ ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡು ನಗುತ್ತಾರೆ, ಅತ್ತೆ ಸಾಯುವವರೆಗೂ ಬಿಡುವುದಿಲ್ಲ. ಕೆಟ್ಟ ಕಾಯಿಯನ್ನು ತಾನೇ ರಾಶಿಗೆ ಹಾಕಿದೆನೆಂದು ತಿಳಿದರೆ ಈ ಮನುಷ್ಯ ಆ ಕಾರಿನ ಮುಖ ನೋಡಲಾರದೆ, ನಾಳೆಯೇ ಅದನ್ನು ಇಂದ್ರೇಶ್ ಅವರ ಮನೆ ಬಾಗಿಲಲ್ಲಿ ನಿಲ್ಲಿಸಿ ಬರುತ್ತಾರೆ.

ಕೈ ಚಾಚಿದೆ. "ಇವತ್ತು ನಂಗೆ ಕೊಡಿ ಮಾವ. ಓಡ್ಸೋರು ಕುಡಿದ್ರೆ ಗಾಡಿ ಕುಡಿದ ಹಾಗೇ ಅಲ್ವಾ?"

ಅವರು ಲೋಟ ನೋಡಿದರು, ನನ್ನನ್ನು ನೋಡಿದರು. ಧರ್ಮಸೂಕ್ಷ್ಮವನ್ನು ಯೋಚಿಸುವಾಗ ಅವರ ತುಟಿ ಸ್ವಲ್ಪ ಮುಂದಕ್ಕೆ ಬರುತ್ತದೆ.

"ಅದೂ ಸರೀನೇ," ಎಂದರು ಕೊನೆಗೆ. "ತಗೋ. ಇನ್ಮೇಲೆ ಅಮಾವಾಸ್ಯೆ ತೀರ್ಥ ನಿಂದು. ಓಡ್ಸೋಳು ನೀನೇ ತಾನೇ. ಇಂದ್ರೇಶಂಗೆ ಬೇರೆ ಗಾಡಿ ನೋಡ್ಕೋ ಅಂತ ಫೋನ್ ಮಾಡ್ತೀನಿ."

ಗಟಗಟ ಕುಡಿದೆ. ಸೆರಗಿನಿಂದ ಬಾಯಿ ಒರೆಸಿಕೊಂಡು, ಬಾಟಲಿಯ ಮುಚ್ಚಳವನ್ನು ತಿರುಗಿಸಿ ಭದ್ರ ಮಾಡಿದೆ.

ಅತ್ತೆ, ರಾಜಶೇಖರ್ ಕಬ್ಬಿನ ಹಾಲಿನ ಲೋಟಗಳನ್ನು ಹಿಡಿದು ಬಂದರು. "ಏನಂದ್ರು ಅಪ್ಪಾಜಿ? ಯಾಕೆ ಹಿಂಗೆ ಒಬ್ಳೇ ನಗ್ತಿದೀಯ?" ಎಂದು ರಾಜಶೇಖರ್ ಮೆಲ್ಲಗೆ ಕೇಳಿದರು. ಆ ಲೋಳೆ ಕಲಬೆರಕೆ ಕೂಲೆಂಟಿನ ಕೆಲಸವೆಂದೇ ಅವರು ಇಂದಿಗೂ ನಂಬಿದ್ದಾರೆ, ಹಾಗೇ ಇರಲಿ. ಈ ವಿಷಯ ಗಂಡನಿಗೂ ಬೇಡ, ಅತ್ತೆಗೂ ಬೇಡ, ಯಾರಿಗೂ ಬೇಡ ಎಂದು ಅಲ್ಲೇ ತೀರ್ಮಾನಿಸಿ, "ಏನಿಲ್ಲ, ಹತ್ತಿ," ಎಂದು ಕಾರಿನ ಬಾಗಿಲು ತೆಗೆದೆ.